ಜಾರುಬಂಡಿಯಲ್ಲಿ ಆರನೇ ಸ್ಥಾನ

ಅರ್ಧ ಲೀಟರ್ ಹಾಲು ಉಕ್ಕುವುದಕ್ಕೆ ನಾಲ್ಕು ನಿಮಿಷ ಹನ್ನೆರಡು ಸೆಕೆಂಡು ಬೇಕು ಎಂಬುದು ದೀಪ್ತಿಗೆ ಮದುವೆಯಾಗಿ ಚಾಮರಾಜಪೇಟೆಗೆ ಬಂದ ಮೇಲೆ ತಿಳಿದ ಸಂಗತಿ. ಮಲ್ಲೇಶ್ವರದ ತವರುಮನೆಯಲ್ಲಿ ಹಾಲು ತನ್ನ ಪಾಡಿಗೆ ತಾನು ಉಕ್ಕುತ್ತಿತ್ತು. ಇಲ್ಲಿ ಗಂಡನ ತಾತ ಮಲ್ಲರಾಜೇ ಅರಸರು ಒಲೆಯ ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಿದ್ದರು. ಎಂಬತ್ತಾರು ವರ್ಷದ, ಬಿದಿರಿನ ಗಳದಂಥ ಆಳು.

“ನಾಲ್ಕು ಹದಿನೆಂಟು. ತಾವು ನಿನ್ನೆಗಿಂತ ಹಿಂದೆ ಬಿದ್ರಿ, ಅಮ್ಮಣ್ಣಿ.”

“ಹಾಲು ಹಿಂದೆ ಬಿತ್ತು ತಾತ, ನಾನಲ್ಲ. ಸ್ವಲ್ಪ ಆ ಕಡೆ ಸರ್ಕೊಳ್ಳಿ, ಒಗ್ಗರಣೆ ಸಿಡಿಯತ್ತೆ.”

ಅವರು ಎಲ್ಲರನ್ನೂ ‘ತಾವು’ ಎಂದೇ ಕರೆಯುತ್ತಿದ್ದರು. ಅರಸು ಮನೆತನದ ರೂಢಿಯಂತೆ. ನಾಲ್ಕು ವರ್ಷದ ಮರಿಮೊಮ್ಮಗಳು ಆರಾಧನಾಳಿಗೂ ‘ತಾವು ಚಡ್ಡಿ ಹಾಕ್ಕೊಳ್ಳಿ’, ಗೇಟಿಗೆ ಅಡ್ಡ ಮಲಗಿದ ಬೀದಿನಾಯಿಗೂ ‘ತಾವು ಸ್ವಲ್ಪ ಏಳ್ತೀರಾ’. ನಾಯಿ ಏಳುತ್ತಿರಲಿಲ್ಲ. ಅದು ಏಳುವವರೆಗೆ ತಾತ ನಿಂತೇ ಇರುತ್ತಿದ್ದರು, ಮಗುವಿನ ಸ್ಕೂಲ್ ವ್ಯಾನು ಹಾರನ್ ಹೊಡೆಯುತ್ತಿತ್ತು, ದೀಪ್ತಿ ಒಳಗಿನಿಂದ ಓಡಿಬಂದು ‘ಹಚಾ!’ ಎನ್ನಬೇಕಾಗುತ್ತಿತ್ತು. ಗಂಡ ಯದುರಾಜ ವಿಮೆ ಕಂಪನಿಯ ಕೆಲಸದ ಮೇಲೆ ತಿಂಗಳಲ್ಲಿ ಇಪ್ಪತ್ತು ದಿನ ಹೊರ ಊರಲ್ಲಿ. ತಾತ, ಮಗು, ನಾಯಿ ಮೂರೂ ಅವಳ ಪಾಲು.

ತೊಂಬತ್ತೇಳರ ಜುಲೈನಲ್ಲಿ ಇದರ ಜೊತೆಗೆ ಶ್ರೀನಿವಾಸಯ್ಯನವರೂ ಸೇರಿಕೊಂಡರು. ಬಡಾವಣೆಯ ಹಿತರಕ್ಷಣಾ ಸಂಘದ ಕಾರ್ಯದರ್ಶಿ, ನಿವೃತ್ತ ಕನ್ನಡ ಮೇಷ್ಟ್ರು. ಸಂಘಕ್ಕೂ ಸ್ವಾತಂತ್ರ್ಯಕ್ಕೂ ಒಟ್ಟಿಗೆ ಐವತ್ತು ತುಂಬುತ್ತಿತ್ತು. ಆಗಸ್ಟ್ ಹದಿನೈದಕ್ಕೆ ಒಂದು ಸ್ಮರಣ ಸಂಚಿಕೆ, ಅದರಲ್ಲಿ ‘ನಮ್ಮ ಹಿರಿಯರು’ ಎಂಬ ಭಾಗ.

“ಅರ್ಧ ಪುಟ ಸಾಕಮ್ಮ. ಬುದ್ಧಿಯವರ ಜೀವನ, ಸಾಧನೆ. ಶನಿವಾರಕ್ಕೆ ಕೊಟ್ಬಿಡು. ಆದ್ರೆ ಒಂದು ಮಾತು, ಇಂಗ್ಲಿಷ್ ಪದ ಒಂದೂ ಇರಕೂಡದು.”

ತಾತನ ಜೀವನವನ್ನು ದೀಪ್ತಿ ಊಟದ ಹೊತ್ತಿನಲ್ಲಿ ನೂರು ಸಲ ಕೇಳಿದ್ದಳು. ಸಾರು ಕಲಸಿಕೊಂಡು ಕೈ ಒಣಗುವವರೆಗೆ ಹೇಳುವುದು ಅವರ ಪದ್ಧತಿ. ಮೈಸೂರಿನ ಅರಸು ಮನೆತನದ ಕಿರಿಯ ಮಗ. ಹೆಸರು ದೊಡ್ಡದು, ಪಾಲಿಗೆ ಬಂದ ಜಮೀನು ಚಿಕ್ಕದು. ಓದಿನಲ್ಲಿ ಅಷ್ಟಕ್ಕಷ್ಟೇ, ಓಟದಲ್ಲಿ ಗಾಳಿ. ಕಿವಿಯಲ್ಲಿ ವಜ್ರದ ಒಂಟಿ ಹಾಕಿಕೊಂಡು ಬರಿಗಾಲಲ್ಲಿ ನೂರು ಗಜ ಓಡುತ್ತಿದ್ದ ಹುಡುಗ. ಮೂವತ್ತೊಂದರಲ್ಲಿ ಮೈಸೂರಿನ ಒಂದು ಕ್ರೀಡಾಕೂಟದಲ್ಲಿ ಬೆಳ್ಳಿಯ ಕಪ್ ಬಂತು. ಆ ಕಪ್ ಈಗಲೂ ಹಜಾರದ ಗಾಜಿನ ಬೀರುವಿನಲ್ಲಿತ್ತು. ಒಳಗೆ ಗುಂಡಿ, ಸೇಫ್ಟಿ ಪಿನ್ನು, ಹಳೇ ಬೀಗದ ಕೈಗಳು. ಅದನ್ನು ಉಜ್ಜಲು ಹೋದರೆ ತಾತ ‘ಇರ್ಲಿ ಬಿಡಿ’ ಎನ್ನುತ್ತಿದ್ದರು.

ಮೂವತ್ತಮೂರರಲ್ಲಿ ಬಳಗದ ಒಬ್ಬ ಪಾಳೆಯಗಾರರ ಕುಮಾರನಿಗೆ ಕ್ಷಯ ಬಂತು. ಸ್ವಿಟ್ಜರ್ಲೆಂಡಿನ ಬೆಟ್ಟದ ಗಾಳಿ ಒಳ್ಳೆಯದೆಂದು ಡಾಕ್ಟರು ಹೇಳಿದರು. ಜೊತೆಗೆ ಹೋಗಲು ಒಬ್ಬ ಬೇಕಿತ್ತು, ಮಲ್ಲರಾಜರು ಹಡಗು ಹತ್ತಿದರು. ಕುಮಾರ ಆಸ್ಪತ್ರೆಯ ಜಗಲಿಯಲ್ಲಿ ಕಂಬಳಿ ಹೊದ್ದು ಮಲಗಿದ. ಇವರಿಗೆ ಕೆಲಸವಿಲ್ಲ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತೆಂದು ಬೆಳಗ್ಗೆ ಬೆಳಗ್ಗೆ ಮಂಜಿನ ಮೇಲೆ ಓಡುತ್ತಿದ್ದರು. ಹೋಟೆಲಿನಲ್ಲಿ ಇಳಿದುಕೊಂಡಿದ್ದ ಒಬ್ಬ ಇಂಗ್ಲಿಷ್ ಲಾರ್ಡ್ ಅದನ್ನು ಕಿಟಕಿಯಿಂದ ನೋಡಿದ. ಅವನದು ನಾಲ್ಕು ಜನ ಕೂರುವ ಕಬ್ಬಿಣದ ಬಂಡಿ. ಮಂಜುಗಡ್ಡೆಯ ಕಾಲುವೆಯಲ್ಲಿ ಬೆಟ್ಟದ ತುದಿಯಿಂದ ಬುಡಕ್ಕೆ ಜಾರಿಸುವುದೇ ಪಂದ್ಯ. ಅವನ ತಂಡದ ಕೊನೆಯವನು ಭುಜ ಮುರಿದುಕೊಂಡಿದ್ದ.

“ಬಂಡಿ ತಳ್ಳಿಕೊಂಡು ಓಡೋದು ನಾನು, ಕೊನೇಲಿ ಹಾರಿ ಕೂರೋದು ನಾನು, ಕೆಳಗೆ ಬಂದಾಗ ಬ್ರೇಕ್ ಎಳೆಯೋದೂ ನಾನು,” ಎನ್ನುತ್ತಿದ್ದರು ತಾತ.

“ಮತ್ತೆ ಉಳಿದ ಮೂವರು ಏನ್ಮಾಡ್ತಿದ್ರು ತಾತ?”

“ಅವರು ಲಾರ್ಡುಗಳು.”

ಮೂವತ್ತನಾಲ್ಕರ ಜನವರಿಯಲ್ಲಿ ಪಂದ್ಯ. ಏಳು ತಂಡ. ಇವರದು ಆರನೇ ಸ್ಥಾನ. ಏಳನೆಯವರ ಬಂಡಿ ಮಗುಚಿತ್ತು. ಒಂದೇ ಒಂದು ಫೋಟೋ ಇತ್ತು. ಅದರಲ್ಲಿ ಮುಂದಿನ ಮೂವರು ಮೀಸೆ ಸಮೇತ ಕಾಣುತ್ತಾರೆ, ಹಿಂದೆ ಬಗ್ಗಿದವನ ಟೋಪಿ ಮಾತ್ರ ಕಾಣುತ್ತದೆ. ಕೆಳಗೆ ಪತ್ರಿಕೆಯವರು ಮೂರು ಹೆಸರು ಹಾಕಿ ‘ಮತ್ತು ಒಬ್ಬ ಭಾರತೀಯ’ ಎಂದು ಬರೆದಿದ್ದರು. ಆ ಬೇಸಿಗೆ ಕುಮಾರ ತೀರಿಕೊಂಡ. ಇವರು ಒಬ್ಬರೇ ವಾಪಸು ಬಂದರು. ಆಮೇಲೆ ಸಂಸ್ಥಾನ ಹೋಯಿತು, ಜಮೀನು ಹೋಯಿತು, ವಜ್ರದ ಒಂಟಿಯೂ ಹೋಯಿತು. ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿ ಇಪ್ಪತ್ತೆಂಟು ವರ್ಷ ಸೀಟಿ ಊದಿದರು. ಹೆಂಡತಿ ಗಿರಿಜಾಂಬಾ ಅವರು ಇರುವವರೆಗೂ ಈ ಬಂಡಿಯ ಕಥೆಗೆ ‘ಹೂಂ’ ಎನ್ನುತ್ತಿದ್ದರಂತೆ. ಅವರು ಹೋದ ಮೇಲೆ ‘ಹೂಂ’ ಎನ್ನುವ ಕೆಲಸ ದೀಪ್ತಿಗೆ ಬಂದಿತ್ತು.

ಸಂಚಿಕೆಯ ವಿಷಯ ಕೇಳಿ ತಾತ ಕಾಲುಚೀಲ ಎಳೆದುಕೊಂಡು ನೆಟ್ಟಗೆ ಕೂತರು.

“ಬೇರೆ ಏನು ಬೇಕಾದ್ರೂ ಬಿಡಿ ಅಮ್ಮಣ್ಣಿ. ಏಳು ತಂಡದಲ್ಲಿ ಆರನೇ ಸ್ಥಾನ, ಇದು ಅಚ್ಚಾಗಬೇಕು. ಇದುವರೆಗೂ ಎಲ್ಲೂ ಆಗಿಲ್ಲ. ನಾನು ಇರುವಾಗಲೇ ಒಂದು ಸಲ ನೋಡಬೇಕು.”

“ಮೂವತ್ತೊಂದರ ಕಪ್ಪು?”

“ಅದು ಬೇಡ.”

ಬಂಡಿಗೆ ಕನ್ನಡದಲ್ಲಿ ಏನನ್ನಬೇಕು ಎಂಬಲ್ಲಿ ಎರಡು ದಿನ ಹೋಯಿತು. ತಾತನನ್ನು ಕೇಳಿದರೆ, “ಕನ್ನಡದವರು ಯಾರೂ ಅದರ ಮೇಲೆ ಕೂತಿಲ್ಲ, ಹೆಸರು ಯಾಕಿರತ್ತೆ?” ಎಂದರು. ದೀಪ್ತಿ ‘ಹಿಮಬಂಡಿ’ ಎಂದು ಬರೆದುಕೊಂಡು ಹೋದಳು.

“ಹಿಮಬಂಡಿ ಅಂದ್ರೆ ಐಸ್‌ಕ್ಯಾಂಡಿ ಗಾಡಿ ಅಂದ್ಕೋತಾರಮ್ಮ,” ಎಂದರು ಶ್ರೀನಿವಾಸಯ್ಯ. ನಿಘಂಟು ತೆಗೆದು ಬೆರಳಿಟ್ಟರು. “ನೋಡು, ಜಾರುಬಂಡಿ. ಎಷ್ಟು ಚೆನ್ನಾಗಿದೆ.”

“ಸರ್, ಜಾರುಬಂಡಿ ಅಂದ್ರೆ ಪಾರ್ಕಲ್ಲಿ ಮಕ್ಕಳು ಜಾರ್ತವಲ್ಲ, ಅದು.”

“ಸಂದರ್ಭದಿಂದ ತಿಳಿಯತ್ತೆ. ಬೇಕಾದ್ರೆ ಕೆಳಗೆ ಎರಡು ಸಾಲು ವಿವರಣೆ ಹಾಕು.”

ಅವಳು ಎರಡು ಸಾಲು ವಿವರಣೆ ಹಾಕಿದಳು. ಅಷ್ಟಾದರೂ ಅರ್ಧ ಪುಟ ತುಂಬಲಿಲ್ಲ. ಜ್ವರದ ಮಗು ಬೇರೆ ಸೆರಗು ಹಿಡಿದು ಎಳೆಯುತ್ತಿತ್ತು. ಕಣ್ಣೆದುರಿಗೆ ಬೀರುವಿನಲ್ಲಿ ಕಪ್ ಕಾಣುತ್ತಿತ್ತು. ಬೇಡ ಎಂದಿದ್ದು ಮುದುಕರ ಸಂಕೋಚ ಎಂದುಕೊಂಡು ‘೧೯೩೧ರ ನೂರು ಗಜ ಓಟದಲ್ಲಿ ಪ್ರಥಮ’ ಎಂದೂ ಸೇರಿಸಿ ಕೊಟ್ಟುಬಿಟ್ಟಳು.

ಆಗಸ್ಟ್ ಹತ್ತಕ್ಕೆ ಸಂಚಿಕೆ ಬಂತು. ನಲವತ್ತೊಂದನೆಯ ಪುಟ. ‘ಶ್ರೀ ಮಲ್ಲರಾಜೇ ಅರಸರು ೧೯೩೧ರ ನೂರು ಗಜ ಓಟದಲ್ಲಿ ಪ್ರಥಮರು. ೧೯೩೪ರಲ್ಲಿ ಯುರೋಪಿನಲ್ಲಿ ನಡೆದ ಜಾರುಬಂಡಿ ಸ್ಪರ್ಧೆಯಲ್ಲಿಯೂ ಪ್ರಥಮರಾಗಿ ನಾಡಿಗೆ ಕೀರ್ತಿ ತಂದ ಹಿರಿಯ ಚೇತನ.’ ವಿವರಣೆಯ ಎರಡು ಸಾಲು ಮಾಯ. ಅದರ ಜಾಗದಲ್ಲಿ ಒಂದು ಕಾಫಿಪುಡಿ ಅಂಗಡಿಯ ಜಾಹೀರಾತು.

ದೀಪ್ತಿ ಚಪ್ಪಲಿ ಮೆಟ್ಟಿಕೊಂಡು ಸೀದಾ ಶ್ರೀನಿವಾಸಯ್ಯನವರ ಮನೆಗೆ ನಡೆದಳು.

“ಆರು ಅಂತ ಬರೆದಿದ್ದೆ ಸರ್!”

“ಏಳರಲ್ಲಿ ಆರು ಅಂದ್ರೆ ಕೊನೆಯಿಂದ ಎರಡನೇದಮ್ಮ. ಸುವರ್ಣ ಸಂಚಿಕೆಯಲ್ಲಿ ಹಾಗೆ ಹಾಕೋಕಾಗತ್ಯೆ? ರಾಜಮನೆತನದವರು. ನಾಳೆ ನಾಲ್ಕು ಜನ ಏನಂದಾರು?”

“ಅವರೇ ಹಾಕಿ ಅಂದಿದ್ರು.”

“ದೊಡ್ಡವರು ಹಾಗೇ ಅಂತಾರೆ. ನಾವು ಹಾಗೆ ಹಾಕಬಾರದು.”

ಮನೆಗೆ ಬಂದರೆ ಗೇಟಿನಲ್ಲಿ ಕಾರ್ಪೊರೇಟರ ಕಡೆಯ ಶೀನಣ್ಣ ನಿಂತಿದ್ದ. ಕೈಯಲ್ಲಿ ಅದೇ ಸಂಚಿಕೆ.

“ಮೇಡಂ, ನಮ್ಮ ಪಾರ್ಕಿಗೆ ಹೊಸಾ ಜಾರುಬಂಡಿ ಹಾಕ್ಸಿದೀವಿ. ಹದಿನೈದನೇ ತಾರೀಕು ಓಪನಿಂಗು. ನಿಮ್ಮನೆ ಸ್ವಾಮಿಯವರ ಕೈಲೇ ಟೇಪ್ ಕಟ್ ಮಾಡ್ಸೋಣ ಅಂತ. ಇಡೀ ಏರಿಯಾದಲ್ಲಿ ಜಾರುಬಂಡಿ ಚಾಂಪಿಯನ್ನು ಇನ್ಯಾರಿದಾರೆ ಹೇಳಿ? ಒಂದೇ ಒಂದ್ ರೌಂಡು ಜಾರಿ ತೋರ್ಸಿದ್ರೆ ಪೇಪರ್ನೋರು ಫೋಟೋ ಹೊಡ್ಕೊತಾರೆ.”

“ಎಂಬತ್ತಾರು ವರ್ಷ ರೀ ಅವರಿಗೆ!”

“ಚಾಂಪಿಯನ್ ಅಲ್ವಾ ಮೇಡಂ.”

ತಾತನಿಗೆ ಪುಟ ತೋರಿಸದೆ ಬೇರೆ ದಾರಿ ಇರಲಿಲ್ಲ. ಪಾರ್ಕು, ಜಾರುಬಂಡಿ, ಟೇಪು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಬೈಗುಳಕ್ಕೆ ಸಿದ್ಧಳಾಗಿ ನಿಂತಳು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

“ಜಾರುಬಂಡಿ ಪರವಾಗಿಲ್ಲ. ಅದೂ ಇಳಿಜಾರು, ಇದೂ ಇಳಿಜಾರು. ಪ್ರಥಮ ಅಂತ ಹಾಕಿದವರು ಯಾರು?”

“ಶ್ರೀನಿವಾಸಯ್ಯನವರು.”

“ಎರಡೂ ಕಡೆ?”

ದೀಪ್ತಿ ಮೇಲಿನ ಸಾಲಿಗೆ ಬೆರಳಿಟ್ಟಳು. “ಮೇಲಿನದು ನಾನೇ ತಾತ.”

ಅವರು ಬೈಯಲಿಲ್ಲ. ರಾತ್ರಿ ಊಟಕ್ಕೂ ಬರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದುಕೊಳ್ಳುತ್ತ ದೀಪ್ತಿ ತಟ್ಟೆಗೆ ಅನ್ನ ಹಾಕಿ ಮುಚ್ಚಿಟ್ಟಳು. ಬೆಳಿಗ್ಗೆ ಅದು ಹಾಗೇ ಇತ್ತು, ಮೊಸರು ಕಲಸಿ ತಾನೇ ತಿಂದಳು. ತಾತ ಎದ್ದು ಬಂದು, “ಸಭೆಗೆ ಬರ್ತೀನಿ. ಮೈಕಿನಲ್ಲಿ ನಾನೇ ಸರಿ ಮಾಡ್ತೀನಿ,” ಎಂದರು.

ಹದಿನೈದರ ಬೆಳಿಗ್ಗೆ ಪಾರ್ಕಿನಲ್ಲಿ ಶಾಮಿಯಾನ, ಬಾವುಟ, ಬೂಂದಿಯ ಪೊಟ್ಟಣ. ತಾತ ಮುಚ್ಚುಕೋಟು ತೊಟ್ಟು ಮೈಸೂರು ಪೇಟ ಇಟ್ಟಿದ್ದರು. ಮೈಕು ಕೈಗೆ ಬಂದದ್ದೇ ತಡ, ಪೀಠಿಕೆಯಿಲ್ಲದೆ ಹೇಳಿದರು. “ಸಂಚಿಕೆಯಲ್ಲಿ ತಪ್ಪಾಗಿದೆ. ನಾನು ಪ್ರಥಮ ಬಂದವನಲ್ಲ. ಏಳರಲ್ಲಿ ಆರನೆಯವನು.”

ಜನ ಚಪ್ಪಾಳೆ ತಟ್ಟಿದರು.

ಶ್ರೀನಿವಾಸಯ್ಯ ಪಕ್ಕದ ಮೈಕಿಗೆ ಬಾಗಿ, “ನೋಡಿ, ವಿನಯ ಅಂದ್ರೆ ಇದು! ಗೆದ್ದವರು ಗೆದ್ದೆ ಅನ್ನೋದಿಲ್ಲ,” ಎಂದರು. ಇನ್ನೂ ಜೋರು ಚಪ್ಪಾಳೆ.

“ವಿನಯ ಅಲ್ಲ ಸ್ವಾಮಿ. ಆರು. ಆರು!” ಎಂದು ತಾತ ಕೂಗಿದರು. ಮನೆಯಲ್ಲಿ ಆರಾಧನಾಳನ್ನು ಕರೆಯುತ್ತಿದ್ದುದು ಆರು ಎಂದೇ. ಮಗು ದೀಪ್ತಿಯ ಕೈ ಕೊಸರಿಕೊಂಡು “ಬಂದೇ ತಾತಾ!” ಎಂದು ವೇದಿಕೆಗೆ ಓಡಿತು. ಆಗ ಬಿದ್ದ ಚಪ್ಪಾಳೆಗೆ ಪಾರ್ಕಿನ ಪಾರಿವಾಳಗಳೆಲ್ಲ ಎದ್ದವು. ದೀಪ್ತಿಗೆ ಅಲ್ಲೇ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು.

ನಂತರ ಜಾರುಬಂಡಿ. ಕೆಂಪು ಬಣ್ಣದಿಂದ ಇನ್ನೂ ಹಸಿ ವಾಸನೆ ಬರುತ್ತಿತ್ತು. ಕೆಳತುದಿಯಲ್ಲಿ ಅಡ್ಡಲಾಗಿ ರಿಬ್ಬನ್ ಕಟ್ಟಿದ್ದರು. ತಾತ ಕತ್ತರಿ ಹಿಡಿದು ಹತ್ತಿರ ಬರುವಷ್ಟರಲ್ಲಿ, ಪಾರ್ಕಿನ ಬಾಗಿಲಲ್ಲಿ ಹೂ ಮಾರುವ ಬೈರಮ್ಮನ ಮೊಮ್ಮಗಳು ಮೋನಿಷಾ ಯಾವ ಮಾಯದಲ್ಲೋ ಹಿಂದಿನಿಂದ ಏಣಿ ಹತ್ತಿ, ಸುಯ್ಯೆಂದು ಜಾರಿ, ರಿಬ್ಬನ್ನನ್ನು ಎದೆಯಿಂದ ಕಿತ್ತುಕೊಂಡು ಮರಳಿನ ಮೇಲೆ ಬಿದ್ದಳು.

“ಏಯ್! ಯಾರೇ ನೀನು? ಸ್ವಾಮಿಯೋರು ಮೊದ್ಲು!” ಶೀನಣ್ಣ ಅವಳ ರಟ್ಟೆ ಹಿಡಿದು ಪಕ್ಕಕ್ಕೆಳೆದ. ಬೈರಮ್ಮ ಬುಟ್ಟಿ ಬಿಟ್ಟು ಓಡಿಬಂದು ಕೈಮುಗಿದಳು. “ತಪ್ಪಾಯ್ತು ಬುದ್ಧಿ, ತಿಳೀದ್ ಮಗ. ಅದು ಜಾರೇ ಇಲ್ಲ ಅಂದ್ಕೊಳ್ಳಿ. ನೀವೇ ಮೊದ್ಲು.” ಯಾರೋ ಹರಿದ ರಿಬ್ಬನ್ನಿನ ಎರಡು ತುದಿ ಗಂಟು ಹಾಕಿ ಮತ್ತೆ ಕಟ್ಟಿದರು.

ತಾತ ಕತ್ತರಿಯನ್ನು ಶೀನಣ್ಣನ ಕೈಗಿಟ್ಟು, ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು, ಗೇಟಿನ ಕಡೆ ನಡೆದುಬಿಟ್ಟರು.

ದೀಪ್ತಿ ಮಗುವನ್ನು ಸೊಂಟಕ್ಕೇರಿಸಿ ಹಿಂದೆ ಓಡಿದಳು. ಎಂಬತ್ತಾರರಲ್ಲೂ ಆ ಕಾಲುಗಳನ್ನು ಹಿಡಿಯುವುದು ಕಷ್ಟ. ರಸ್ತೆಯ ತಿರುವಿನ ಕಲ್ಲುಬೆಂಚಿನ ಹತ್ತಿರ ಸಿಕ್ಕರು. ಹದಿನೈದು ದಿನದಿಂದ ಕಟ್ಟಿಟ್ಟದ್ದೆಲ್ಲ ಅವಳ ಬಾಯಿಂದ ಹೊರಗೆ ಬಂತು.

“ಏನ್ ತಾತ ಇದು? ನಾನೂ ಮನುಷ್ಯಳೇ. ಮೂರು ಸಲ ಆ ಮೇಷ್ಟ್ರ ಮನೆಗೆ ಅಲೆದಿದ್ದೀನಿ. ಜ್ವರ ಬಂದ ಮಗೂನ ಪಕ್ಕ ಹಾಕ್ಕೊಂಡು ನಿಮ್ಮ ಅರ್ಧ ಪುಟ ಬರೆದಿದ್ದೀನಿ. ಮೊದಲನೇದು ಅಂತ ಹಾಕಿದ್ರೆ ಏನು ಗಂಟು ಹೋಗತ್ತೆ ನಿಮ್ಮದು? ಎಲ್ಲರ ಮುಂದೆ ಎದ್ದು ಬಂದ್ಬಿಟ್ರಲ್ಲ!”

ತಾತ ಬೆಂಚಿನ ಮೇಲೆ ಕೂತರು. ಪೇಟವನ್ನು ಪಕ್ಕದಲ್ಲಿಟ್ಟರು.

“ಮೂವತ್ತೊಂದರಲ್ಲೂ ದಾರ ಕಟ್ಟಿದ್ರು ಅಮ್ಮಣ್ಣಿ. ಉಣ್ಣೆ ದಾರ. ಅದನ್ನ ಕಿತ್ತವರು ನಾನಲ್ಲ. ಇಲ್ಲಿನ ಬಿನ್ನಿಪೇಟೆ ಗಿರಣಿಯಿಂದ ಓಡೋಕೆ ಬಂದಿದ್ದ ಕೆಲಸದವರೊಬ್ಬರು, ಆಂಜಿನಯ್ಯ ಅಂತ. ನನಗಿಂತ ಒಂದು ಮಾರು ಮುಂದೆ ಇದ್ರು. ಅವರ ಬೆನ್ನು ಕಾಣ್ತಾ ಇತ್ತು ನನಗೆ.”

“ಮತ್ತೆ ಕಪ್ಪು?”

“ತೀರ್ಪು ಕೊಡೋರು ಅವರನ್ನ ನೋಡಿದ್ರು, ನನ್ನ ಕಿವಿ ಒಂಟಿ ನೋಡಿದ್ರು. ‘ಬುದ್ಧಿಯವರೇ ಮೊದಲು, ಏನಯ್ಯಾ?’ ಅಂತ ಅವರನ್ನೇ ಕೇಳಿದ್ರು. ಅವರಿಗೆ ಏದುಸಿರು, ಮಾತು ಬರ್ತಿರ್ಲಿಲ್ಲ. ಆದ್ರೂ ಕೈ ಮುಗಿದು ‘ಬುದ್ಧಿಯೋರೇ ಮೊದ್ಲು’ ಅಂದ್ರು.”

“ನೀವೇನಂದ್ರಿ?”

“ಕಪ್ ತಗೊಂಡೆ.”

ಆರಾಧನಾ ಪೇಟದ ಜರಿ ಕೀಳುತ್ತಿದ್ದಳು. ಇಬ್ಬರೂ ತಡೆಯಲಿಲ್ಲ.

“ಆಮೇಲೂ ಎಷ್ಟೋ ಓಟ ಗೆದ್ದೆ. ಯಾವುದು ಗೆದ್ದಿದ್ದು, ಯಾವುದು ಗೆಲ್ಲಿಸಿದ್ದು, ನನಗೆ ಗೊತ್ತಿಲ್ಲ. ಆ ಮಂಜಿನೂರಲ್ಲಿ ಅರಸು ಅಂದ್ರೆ ಯಾರಿಗೂ ಏನೂ ಅಲ್ಲ. ಅವರ ಭಾಷೇಲಿ ಅದು ಬೈಗುಳದ ಹಾಗೆ ಕೇಳ್ತಿತ್ತು, ನಗ್ತಿದ್ರು. ಅವರು ಗಡಿಯಾರ ನೋಡಿ ಆರನೇದು ಅಂದ್ರು. ಅದೊಂದು ಮಾತ್ರ ನನ್ನದು.”

ದೀಪ್ತಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅರವತ್ತಾರು ವರ್ಷ ಗಾಜಿನ ಬೀರುವಿನಲ್ಲಿ ಕಪ್ ಇಟ್ಟುಕೊಂಡು, ಈಗ ಹೀಗೆ ಬೆಂಚಿನ ಮೇಲೆ ಕೂತು ಹೇಳುವ ಈ ತಾತನನ್ನು ಏನು ಮಾಡುವುದು? ಸೆರಗಿನಿಂದ ಮಗುವಿನ ಮೂಗು ಒರೆಸಿ ಎದ್ದು ನಿಂತಳು.

“ಏಳಿ. ತಿದ್ದುಪಡಿ ಹಾಕ್ಸೋಣ. ಎರಡಕ್ಕೂ.”

ಸಂಚಿಕೆಯ ಐನೂರು ಪ್ರತಿಯಲ್ಲಿ ಮುನ್ನೂರು ಇನ್ನೂ ಶ್ರೀನಿವಾಸಯ್ಯನವರ ಹಜಾರದಲ್ಲೇ ಇದ್ದವು. ಒಳಗೆ ತಪ್ಪು ತಿದ್ದಿದ ಒಂದು ಒಪ್ಪೋಲೆ ಚೀಟಿ ಅಂಟಿಸಲು ಅವರು ಒಪ್ಪಿದರು, ಆದರೆ ಅರ್ಧಕ್ಕೆ. “ಆರನೇದು ಬೇಕಾದ್ರೆ ಹಾಕೋಣ. ಇನ್ನೊಂದು ಬೇಡಮ್ಮ, ಮನೆತನದ ಮಾತು.”

“ಯಾರ ಮನೆತನ ಸರ್? ನಾನೂ ಅದೇ ಮನೆಯವಳು. ಚೀಟಿ ನಾನೇ ಅಚ್ಚು ಹಾಕಿಸ್ತೀನಿ, ನಾನೇ ಅಂಟಿಸ್ತೀನಿ. ನೀವು ಅಂಟು ಕೂಡ ಕೊಡ್ಬೇಡಿ.”

ಮಾಯಣ್ಣನ ಅಚ್ಚುಮನೆ ಎರಡು ರಸ್ತೆ ಆಚೆ, ಮರುದಿನ ಬಾಗಿಲು ತೆಗೆದದ್ದೇ ಅಲ್ಲಿಗೆ ಹೋದರು. ಮಾಯಣ್ಣ ಒಕ್ಕಣೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ. ‘ಪುಟ ೪೧: ಓಟದಲ್ಲಿ ಪ್ರಥಮ ಎಂಬುದನ್ನು ದ್ವಿತೀಯ ಎಂದು ಓದಿಕೊಳ್ಳುವುದು. ಪ್ರಥಮರು ಬಿನ್ನಿಪೇಟೆಯ ಆಂಜಿನಯ್ಯನವರು. ಜಾರುಬಂಡಿಯಲ್ಲಿ ಪ್ರಥಮ ಎಂಬುದನ್ನು ಆರನೇ ಸ್ಥಾನ ಎಂದು ಓದಿಕೊಳ್ಳುವುದು.’

“ಇದನ್ನ ಯಾರು ಓದ್ತಾರೆ ಮೇಡಂ? ಸರಿ, ನಂಗೇನು. ಆಂಜಿನಯ್ಯ ಅಂತ ಬರೀ ಹೆಸರು ಹಾಕಿದ್ರೆ ಚೆನ್ನಾಗಿರಲ್ಲ, ಇನಿಷಿಯಲ್ ಹೇಳಿ. ಬಿನ್ನಿಪೇಟೇಲಿ ನೂರು ಜನ ಆಂಜಿನಯ್ಯ ಇದಾರೆ.”

ದೀಪ್ತಿ ತಾತನ ಮುಖ ನೋಡಿದಳು. ತಾತ ಅಚ್ಚುಮೊಳೆಗಳನ್ನು ನೋಡಿದರು. “ಕೇಳಿರ್ಲಿಲ್ಲ,” ಎಂದರು.

“ಅರವತ್ತಾರು ವರ್ಷದ ಹಿಂದೆ ಓಡಿದವರ ಇನಿಷಿಯಲ್ ನಾನೀಗ ಬೀದಿ ಬೀದಿ ಕೇಳ್ಕೊಂಡು ಹೋಗ್ಬೇಕು, ಅಲ್ವಾ?”

ಕೇಳಿಕೊಂಡು ಹೋದಳು. ತಾತ, ಮಗು ಇಬ್ಬರನ್ನೂ ಆಟೋದಲ್ಲಿ ಹಾಕಿಕೊಂಡು. ಬಿನ್ನಿಪೇಟೆಯ ಗಿರಣಿ ಕೆಲಸದವರ ಸಾಲುಮನೆಗಳಲ್ಲಿ ಮೊದಲು ಸಿಕ್ಕ ಆಂಜಿನಯ್ಯನಿಗೆ ಮೂವತ್ತು ವರ್ಷ. ಎರಡನೆಯವರು ಕುಂಟುತ್ತ ಬಂದು, ಹುಟ್ಟಿದಾಗಿನಿಂದ ಓಡಿಲ್ಲ ಎಂದರು. ಅಷ್ಟು ಹಿಂದೆ ಗಿರಣಿಯಲ್ಲಿದ್ದ ಆಂಜಿನಯ್ಯ ಒಬ್ಬರೇ ಎಂದು ಟೀ ಅಂಗಡಿಯವನು ಕೊನೆಯ ಸಾಲಿನ ಹಸಿರು ಬಾಗಿಲು ತೋರಿಸಿದ. ಅಲ್ಲಿ ಅಂಜಮ್ಮ ಎಂಬ ಅರವತ್ತರ ಹೆಂಗಸು ಹೊಸಿಲಲ್ಲಿ ಕೂತು ಅಲಸಂದೆಕಾಳು ಸುಲಿಯುತ್ತಿದ್ದಳು. ಆಂಜಿನಯ್ಯ ಅವಳ ಅಪ್ಪ. ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

“ಓಟಾನಾ?” ಎಂದಳು ಅಂಜಮ್ಮ. “ನಮ್ಮಪ್ಪನಾ? ಹೋಗಮ್ಮ. ಎರಡ್ ಮಗ್ಗದ ಮಧ್ಯೆ ನಡ್ಕೊಂಡೇ ಕಾಲ್ ಸವ್ಸಿದೋನು. ಓಡ್ತಿದ್ದೆ ಅಂತ ಒಂದಿನ ಬಾಯ್ಬಿಟ್ಟಿಲ್ಲ.”

ತಾತ ಆಟೋದಿಂದ ಇಳಿದು ಅವಳ ಮುಂದೆ ಬಂದು ನಿಂತರು. ದಾರ, ಬೆನ್ನು, ಕೈ ಮುಗಿದದ್ದು, ಕಪ್, ಒಂದನ್ನೂ ಬಿಡದೆ ಹೇಳಿದರು. ಹೇಳುವಾಗ ನಡುನಡುವೆ ನಿಲ್ಲಿಸಿದರು, ಆದರೆ ಕೂರಲಿಲ್ಲ. ಅಂಜಮ್ಮ ಕಾಳು ಸುಲಿಯುವುದನ್ನು ಬಿಟ್ಟಿದ್ದಳು.

“ಅವತ್ತು ಯಾಕ್ ಸುಮ್ನಿದ್ರಿ?” ಎಂದಳು.

“ಕಪ್ ಬೇಕಿತ್ತು.”

ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೊರವನ್ನು ಪಕ್ಕಕ್ಕೆ ಸರಿಸಿ ದೀಪ್ತಿಯ ಕಡೆ ತಿರುಗಿದಳು.

“ಮು ಅಂತ ಹಾಕಮ್ಮ. ಮುನಿಯಪ್ಪನ ಮಗ, ಮು. ಆಂಜಿನಯ್ಯ. ಆ ಚೀಟಿ ನಂಗೂ ಹತ್ತು ಬೇಕು. ನಮ್ಮ ಸಾಲಲ್ಲಿ ಮನೆಗೊಂದು ಅಂಟಿಸ್ತೀನಿ. ದಪ್ಪ ಅಕ್ಷರದಲ್ಲಿ ಹಾಕ್ಸು, ಸಣ್ಣದು ನಂಗೆ ಕಾಣಲ್ಲ.”

“ದಪ್ಪ ಅಕ್ಷರ ಆದ್ರೆ ಸಂಚಿಕೆ ಪುಟದೊಳಗೆ ಹಿಡಿಸಲ್ಲಮ್ಮ.”

“ಹಿಡಿಸದಿದ್ರೆ ಹೊರಗಡೆ ಅಂಟ್ಸು. ಮುಖಪುಟದ ಮೇಲೆ.”

ದೀಪ್ತಿಗೆ ಶ್ರೀನಿವಾಸಯ್ಯನವರ ಮುಖ ಕಣ್ಣಮುಂದೆ ಬಂತು. ತಾತನ ಕಡೆ ನೋಡಿದಳು. ಅವರು ಆಗಲೇ ಆಟೋದವನಿಗೆ, “ತಾವು ಇನ್ನೊಂದು ಸಲ ಮಾಯಣ್ಣನವರ ಅಚ್ಚುಮನೆಗೆ ಬರ್ತೀರಾ?” ಎಂದು ಕೇಳುತ್ತಿದ್ದರು.